ಸೀಟಿಗೆ ಎರಡು ತೂಕವೇಕೆ?

ವೈದ್ಯಕೀಯ ಕಾಲೇಜಿಗೆ ಬಡವ ಬಲ್ಲಿದರೆಲ್ಲರಿಗೂ ನೀಟ್ ಪರೀಕ್ಷೆಯೇ ತೂಕವೆಂದು ದಿಲ್ಲಿ ಸರಕಾರ ಸಾರುತ್ತಿದೆ. ನಾವು ಒಪ್ಪುವುದಿಲ್ಲ. 720 ಅಂಕಗಳ ಆ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ, ಅಂದರೆ ನಾಲ್ಕು ಅಂಕ, ತಪ್ಪಿ ಸರಕಾರಿ ಸೀಟು ಕೈಬಿಟ್ಟರೆ ಗಿರಣಿ ಕಾರ್ಮಿಕನ ಮಗಳ ದಾರಿ ಮುಗಿಯಿತು. ಅರ್ಹತೆಯ ಗೆರೆಯನ್ನಷ್ಟೇ ಮುಟ್ಟಿದ ಧಣಿಯ ಮಗನೋ, ಖಾಸಗಿ ಕಾಲೇಜಿನ ಆಡಳಿತ ಮಂಡಲಿಯ ಕೋಟಾದಲ್ಲಿ ಹಣ ಸುರಿದು ಡಾಕ್ಟರನಾಗುತ್ತಾನೆ. (ಟ್ಯೂಷನ್ ಅಂಗಡಿಗೆ ತೆತ್ತದ್ದು ಬೇರೆ!) ಇಂಥ ಕಳ್ಳತೂಕ ಹಿಡಿದರೆ ನಮ್ಮ ಕಿರಾಣಿ ಅಂಗಡಿಯವನಿಗೆ ದಂಡ ಬೀಳುತ್ತದೆ. 2023ರಲ್ಲಿ ಸ್ನಾತಕೋತ್ತರ ಸೀಟುಗಳು ಖಾಲಿ ಉಳಿದಾಗ ಇದೇ ಸರಕಾರ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿತಲ್ಲ, ಆಗ ಪ್ರತಿಭೆಯ ಮಾತು ಎಲ್ಲಿ ಅಡಗಿತ್ತು? 2024ರ ಜುಲೈಯಲ್ಲಿ ಕರ್ನಾಟಕ ವಿಧಾನಸಭೆ ನೀಟ್ ಬೇಡವೆಂದು ನಿರ್ಣಯ ಮಾಡಿತು. ಸರಿಯೆ, ಆದರೆ ಅಷ್ಟು ಸಾಲದು. ಖಾಸಗಿ ಕಾಲೇಜುಗಳ ಸೀಟಿನ ವ್ಯಾಪಾರವನ್ನೂ ಮುಚ್ಚಿಸಿರೆಂದು ನಾವು ಕೇಳುತ್ತೇವೆ.