ಅಗ್ರಪೂಜೆ ಯಾವ ಕೂಡುರಸ್ತೆಗೆ?

ರಾಜಸೂಯದ ಸಭೆಯಲ್ಲಿ ಅಗ್ರಪೂಜೆ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯೇ ಕಲಹಕ್ಕೆ ಮೂಲವಾಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಇಂದಿನ ಮಹಾನಗರಗಳಲ್ಲಿಯೂ ಅಂಥದೇ ಪ್ರಶ್ನೆಯೊಂದುಂಟು. ವಾಹನಗಳು ಕಿಕ್ಕಿರಿದ ಕೂಡುರಸ್ತೆಗಳು ಹಲವು; ಅಲ್ಲಿ ಮೇಲುಸೇತುವೆ, ಕೆಳಸೇತುವೆಗಳನ್ನು ಕಟ್ಟಲು ಬೊಕ್ಕಸದಲ್ಲಿರುವ ಹಣ ಮಿತ. ಮೊದಲ ಸರದಿ ಯಾವುದಕ್ಕೆ? ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಬೆಂಗಳೂರಿನಲ್ಲಿ ನೆಲೆಸಿ, ದಿನದ ಒಂದು ಪಾಲನ್ನು ಇಂಥ ವೃತ್ತಗಳಲ್ಲಿಯೇ ಕಳೆಯುತ್ತಿರುವುದರಿಂದ ಈ ವಿಚಾರ ನಮಗೆ ಹೊರತಾದುದಲ್ಲ. ಕನ್ನಡ ಪಂಡಿತನಿಗೇಕೆ ಸೇತುವೆಯ ಚಿಂತೆಯೆಂದು ಕೇಳುವವರೂ ಇದ್ದಾರು. ಸೇತುವೆಯನ್ನು ಹೇಗೆ ಕಟ್ಟಬೇಕೆಂಬುದು ಎಂಜಿನಿಯರರ ವಿದ್ಯೆ. ಯಾರಿಗಾಗಿ ಕಟ್ಟಬೇಕೆಂಬುದು ಧರ್ಮವಿಚಾರ. ಅದನ್ನು ಕುರಿತು ಮಾತನಾಡುವ ಅಧಿಕಾರ ಎಲ್ಲರಿಗೂ ಉಂಟು.

ನಾಲ್ಕು ದಾರಿಗಳು ಒಂದೇ ಮಟ್ಟದಲ್ಲಿ ಕೂಡುವೆಡೆ ವಾಹನಗಳು ಪರಸ್ಪರ ತಾಗಬಹುದಾದ ಬಿಂದುಗಳು 32 ಎಂದು ತಜ್ಞರು ಎಣಿಸಿದ್ದಾರೆ. ಎಲ್ಲ ದಿಕ್ಕುಗಳಿಂದ ಗಂಟೆಗೆ ಬರುವ ವಾಹನಗಳು ಕಾರಿನ ಮಾನದಲ್ಲಿ 10,000ವನ್ನು ಮೀರಿದರೆ ಮೇಲು-ಕೆಳಗಿನ ದಾರಿಗಳ ರಚನೆ ಸಮರ್ಥನೀಯವೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 1985ರ ಮಾರ್ಗಸೂಚಿ ಹೇಳಿತು. ಈ ಮಾನದಲ್ಲಿ ಕಾರು ಒಂದು, ಮೋಟಾರು ಸೈಕಲ್ಲು ಸುಮಾರು ಅರ್ಧ, ಬಸ್ಸು ಸುಮಾರು ಮೂರು. ಇದು ವಾಹನವು ಆಕ್ರಮಿಸುವ ಸ್ಥಳದ ಲೆಕ್ಕವೇ ಹೊರತು ಅದರೊಳಗಿನ ಜೀವಗಳ ಲೆಕ್ಕವಲ್ಲ. ಐವತ್ತು ಮಂದಿ ಕುಳಿತ ಬಸ್ಸೊಂದು, ಒಬ್ಬೊಬ್ಬರೇ ಕುಳಿತ ಮೂರು ಕಾರುಗಳಿಗೆ ಸಮನೆನಿಸುತ್ತದೆ. ಕಾಲ್ನಡೆಯವನಂತೂ ಇಲ್ಲಿ ಸೊನ್ನೆ. ಆದುದರಿಂದ ಮೊದಲು ಎಣಿಸಬೇಕಾದುದು ತಲೆಗಳನ್ನು. ಅಲ್ಲಿ ವರ್ಷವರ್ಷವೂ ಅಪಘಾತಕ್ಕೆ ಬಲಿಯಾದವರನ್ನು. ಗಾಲಿಗಳ ಎಣಿಕೆ ಆಮೇಲಿನದು.

ಎರಡನೆಯ ಪರೀಕ್ಷೆ, ದಟ್ಟಣೆ ನಿಜವಾಗಿ ಕರಗುವುದೋ, ಮುಂದಿನ ವೃತ್ತಕ್ಕೆ ಸಾಗಹಾಕಲ್ಪಡುವುದೋ ಎಂಬುದು. ಹೆಬ್ಬಾಳದ ಮೇಲುಸೇತುವೆ 2003ರಲ್ಲಿ ಸಿದ್ಧವಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅದೇ ಸೇತುವೆ ನಗರದ ಇಕ್ಕಟ್ಟಿನ ತಾಣಗಳಲ್ಲೊಂದಾಯಿತು. 2025ರಲ್ಲಿ ಅಲ್ಲಿಗೆ ಹೊಸ ಕವಲೊಂದನ್ನು ಜೋಡಿಸಬೇಕಾಯಿತು. ಇದಕ್ಕೆ ಪ್ರತಿಯಾಗಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ 2024ರಲ್ಲಿ ತೆರೆದ ಎರಡಂತಸ್ತಿನ ಸೇತುವೆಯನ್ನು ನೋಡಬಹುದು. ಕೆಳ ಅಂತಸ್ತಿನಲ್ಲಿ ವಾಹನಗಳು. ಮೇಲಂತಸ್ತಿನಲ್ಲಿ 2025ರ ಆಗಸ್ಟಿನಿಂದ ಮೆಟ್ರೋ ರೈಲು. ಒಂದೇ ಸಾಲಿನ ಕಂಬಗಳು ವಾಹನವಂತನನ್ನೂ ಟಿಕೇಟಿನ ಪ್ರಯಾಣಿಕನನ್ನೂ ಹೊರುತ್ತವೆ. ಇಂಥ ಯೋಜನೆಗೆ ಆದ್ಯತೆ ಸಲ್ಲುವುದು ನ್ಯಾಯ.

ಮೂರನೆಯದು, ಆಯ್ಕೆಯ ಕಾರಣವನ್ನು ಜನರ ಮುಂದಿಡುವುದು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆಯನ್ನು ಕಟ್ಟುವ ಯೋಜನೆ 2016ರಲ್ಲಿ ಬಂದಾಗ ನಾಗರಿಕರು ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು; 2017ರಲ್ಲಿ ಸರಕಾರ ಅದನ್ನು ಕೈಬಿಟ್ಟಿತು. ಎಂಟುನೂರಕ್ಕೂ ಹೆಚ್ಚು ಮರಗಳು ಉರುಳಬೇಕಾಗಿದ್ದ ಆ ಕಾರ್ಯಕ್ಕೆ ಏಕೆ ಇಷ್ಟು ತ್ವರೆ, ಬೇರೆ ಮಾರ್ಗವಿಲ್ಲವೆ ಎಂಬ ಪ್ರಶ್ನೆಗೆ ಅವರಿಗೆ ಒಪ್ಪಿತವಾಗುವ ಉತ್ತರ ದೊರೆಯಲಿಲ್ಲ. ಆರಂಭಿಸಿದುದನ್ನು ಮುಗಿಸುವ ಶಕ್ತಿಯೂ ಬೇಕು. ಈಜಿಪುರದಲ್ಲಿ 2017ರಲ್ಲಿ ತೊಡಗಿದ ಸೇತುವೆಯ ಕೆಲಸ ನಡುವೆ ನಿಂತು, 2022ರಲ್ಲಿ ಗುತ್ತಿಗೆಯೇ ರದ್ದಾಯಿತು. ಹತ್ತು ಕಡೆ ಕಂಬ ನೆಟ್ಟು ನಿಲ್ಲುವುದಕ್ಕಿಂತ ಒಂದನ್ನು ಪೂರೈಸಿ ಮತ್ತೊಂದಕ್ಕೆ ಕೈಯಿಕ್ಕುವುದು ಲೇಸು.

ವಿಮಾನ ನಿಲ್ದಾಣದ ದಾರಿಯೂ ಬೇಕಾದುದೇ. ವ್ಯಾಪಾರಕ್ಕೆ ವೇಗ ಅಗತ್ಯವೇ. ಆದರೆ ಗಣ್ಯರು ಸಂಚರಿಸುವ ದಾರಿಯೆಂಬುದು ಪ್ರಥಮ ಸರದಿಗೆ ಅರ್ಹತೆಯಾಗಬಾರದು. ಸಿಗ್ನಲ್ ದೀಪಗಳ ಹೊಂದಾಣಿಕೆ, ಬಸ್ಸು ತಂಗುವೆಡೆಯ ಸ್ಥಳಾಂತರ, ಪಾದಚಾರಿಗಳಿಗೆ ದಾಟುದಾರಿ ಇವೇ ಮೊದಲಾದ ಅಲ್ಪವೆಚ್ಚದ ಉಪಾಯಗಳಿಂದ ಗುಣವಾಗದ ಕೂಡುರಸ್ತೆಗೆ ಮಾತ್ರ ಸೇತುವೆಯೆಂಬ ಶಸ್ತ್ರಚಿಕಿತ್ಸೆ ಸಲ್ಲಬೇಕು.

ಸ್ಥಾವರ-ಜಂಗಮಗಳ ವಿವೇಕವನ್ನು ಬಸವಾದಿ ಶರಣರು ನಮಗೆ ಅನುಗ್ರಹಿಸಿದ್ದಾರೆ. ಸೇತುವೆ ಸ್ಥಾವರ, ನಡೆದಾಡುವ ಜನರೇ ಜಂಗಮ. ಈ ವಿದ್ಯಾಸಂಸ್ಥೆಯ ಪ್ರಸಾದವನ್ನುಂಡು ಬೆಳೆದ ಅನೇಕರು ಇಂದು ಎಂಜಿನಿಯರರಾಗಿ, ಅಧಿಕಾರಿಗಳಾಗಿ ಇಂಥ ಕಡತಗಳಿಗೆ ಸಹಿ ಹಾಕುವ ಸ್ಥಾನದಲ್ಲಿದ್ದಾರೆ. ಅವರಲ್ಲಿ ನನ್ನ ಬಿನ್ನಹ ಇಷ್ಟೇ: ಸಹಿ ಹಾಕುವ ಮುನ್ನ ಒಂದು ದಿನ ಆ ಕೂಡುರಸ್ತೆಯನ್ನು ನಡೆದು ದಾಟಿರಿ, ಆದ್ಯತೆಯ ಪಟ್ಟಿಯನ್ನು ಅದರ ಕಾರಣಗಳೊಡನೆ ಕನ್ನಡದಲ್ಲಿ ಪ್ರಕಟಿಸಿರಿ. ಕಾಯಕವೆಂಬ ಮಾತಿಗೆ ಅದರಿಂದ ಗೌರವ ಬಂದೀತು.