ಒಂದನೆಯ ತರಗತಿಗೆ ಮುನ್ನ

ಮಗುವನ್ನು ಶಾಲೆಗೆ ಸಿದ್ಧಗೊಳಿಸುವುದೆಂದರೆ ಮಗ್ಗಿ ಬಾಯಿಪಾಠ ಮಾಡಿಸುವುದೆಂದು ನಮ್ಮ ಅನೇಕ ಹೆತ್ತವರು ಭಾವಿಸಿದ್ದಾರೆ. ಪ್ರವೇಶ ಸಂದರ್ಶನದ ಭಯವೇ ಇದಕ್ಕೆ ಕಾರಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಇಂತಹ ಸಂದರ್ಶನವನ್ನು ನಿಷೇಧಿಸಿದೆ. ಅಲ್ಪಸಂಖ್ಯಾತ ಶಾಲೆಗಳಿಗೆ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಮ್ ಕೋರ್ಟ್ ತೀರ್ಪಿತ್ತಿತು, ನಿಜ. ಆದರೆ ಆ ವಿನಾಯಿತಿ ಇರುವುದು ಆರು ವರ್ಷದ ಕಂದನನ್ನು ಪ್ರಶ್ನಿಸಿ ಹೊರಗಟ್ಟಲಿಕ್ಕೇನು? ನಮ್ಮ ಆಡಳಿತ ಮಂಡಳಿಗಳು ಉತ್ತರಿಸಲಿ.

ಮನೆಯಲ್ಲಿ ಉರ್ದು ಅಥವಾ ಬ್ಯಾರಿ ಮಾತ್ರ ಕೇಳಿ ಬೆಳೆದ ಮಗುವಿಗೆ ಕನ್ನಡ ತರಗತಿಯಲ್ಲಿ ಮೊದಲು ಬೇಕಾಗುವುದು ‘ನೀರು ಬೇಕು’, ‘ಶೌಚಾಲಯಕ್ಕೆ ಹೋಗಬೇಕು’, ‘ಅರ್ಥವಾಗಲಿಲ್ಲ’ ಎಂಬ ಮಾತುಗಳು. ಅವಿಲ್ಲದಿದ್ದರೆ ಅದು ಒದ್ದೆ ಚಡ್ಡಿಯಲ್ಲೇ ಮೌನವಾಗಿ ಕೂರುತ್ತದೆ. ಶಿಕ್ಷಕರು ದಡ್ಡ ಮಗುವೆಂದು ತಿಳಿಯುತ್ತಾರೆ. ಬೇಸಿಗೆ ರಜೆಯಲ್ಲಿ ಈ ಮಾತುಗಳನ್ನು ಕಲಿಸಿರಿ. ಶಾಲೆಯ ಅಂಗಳ, ನೀರಿನ ನಲ್ಲಿಗಳನ್ನು ತೋರಿಸಿ ಬನ್ನಿರಿ. ತಾಯಿಯೊಬ್ಬಳೇ ಅಲ್ಲ, ತಂದೆಯೂ.