ಮಾಯುವ ಗಾಯ, ಉಳಿಯುವ ಋಣ

ಪ್ರಯೋಗಾಲಯದ ಇಲಿಗಳ ಗುರುತಿಗೆಂದು ಕಿವಿಗೆ ತೂತು ಹಾಕುವುದು ವಾಡಿಕೆ. 1990ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟರ್ ಸಂಸ್ಥೆಯ ವಿಜ್ಞಾನಿ ಎಲೆನ್ ಹೆಬರ್-ಕಾಟ್ಜ್ ಅವರು, ಒಂದು ತಳಿಯ ಇಲಿಗಳಲ್ಲಿ ಆ ತೂತುಗಳು ಕಲೆಯಿಲ್ಲದೆ ಮುಚ್ಚಿಕೊಂಡದ್ದನ್ನು ಕಂಡರು. ಕಾರಣ ಹುಡುಕುತ್ತ ಹೋದ ಅವರ ತಂಡ 2010ರಲ್ಲಿ ಇನ್ನೊಂದು ಸಂಗತಿ ತಿಳಿಸಿತು: ಪಿ21 ಎಂಬ ಜೀನ್ ಇಲ್ಲದಂತೆ ರೂಪಿಸಿದ ಇಲಿಗಳ ಕಿವಿಯೂ ಹಾಗೆಯೇ ಕೂಡಿಕೊಳ್ಳುತ್ತದೆ. ಜೀವಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವ ಕಡಿವಾಣಗಳಲ್ಲಿ ಈ ಜೀನೂ ಒಂದು. ಆದ್ದರಿಂದ ಇಲಿಯಲ್ಲಿ ಫಲಿಸಿದ್ದು ಮನುಷ್ಯನಿಗೆ ನಾಳೆಯೇ ಔಷಧವಾಗದು.

ಸಕ್ಕರೆ ಕಾಯಿಲೆಯ ಹುಣ್ಣು ಮಾಯದೆ ಕಾಲು ಕಳೆದುಕೊಂಡವರು ನಮ್ಮ ಊರುಗಳಲ್ಲೂ ಇದ್ದಾರೆ. ಅವರ ಮುಂದೆ ನಿಂತು ಇಂಥ ಸಂಶೋಧನೆಯೇ ಬೇಡವೆನ್ನುವುದು ದಯೆಯಲ್ಲ. ಆದರೆ ಬೇಗ ಮಾಯುವ ಗಾಯವೂ ನೋಯುತ್ತದೆ. ಆ ಗಾಯವನ್ನು ಬೇಕೆಂದೇ ಮಾಡಿದವರು ನಾವು. ಅದನ್ನು ಮರೆಯುವುದೂ ದಯೆಯಲ್ಲ.

ಸಾಧ್ಯವಿದ್ದೆಡೆ ಪ್ರಾಣಿಪ್ರಯೋಗವನ್ನು ಬಿಡಬೇಕು, ಶಸ್ತ್ರಕ್ರಿಯೆ ಮಾಡುವಾಗ ಆದಷ್ಟೂ ಅರಿವಳಿಕೆ ಕೊಡಬೇಕು ಎಂಬುದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಆಶಯ. ಮಠಗಳು ನಡೆಸುವ ವೈದ್ಯಕೀಯ, ಔಷಧ ವಿಜ್ಞಾನ ಕಾಲೇಜುಗಳಲ್ಲೂ ಪ್ರಾಣಿಗಳ ಮೇಲೆ ಪ್ರಯೋಗ ನಡೆಯುತ್ತದೆ. ಅಲ್ಲಿ ಈ ಆಶಯ ಕಡತದಲ್ಲಿ ಮಾತ್ರ ಉಳಿದಿದೆಯೇ? ಎಷ್ಟು ಜೀವಿಗಳನ್ನು ಬಳಸಿದರು, ಬೇರೆ ದಾರಿ ಹುಡುಕಿದರೇ, ನೋವು ತಗ್ಗಿಸಿದರೇ ಎಂದು ವರ್ಷಕ್ಕೊಮ್ಮೆಯಾದರೂ ಆಡಳಿತ ಮಂಡಳಿಗಳು ಕೇಳಲಿ. ಉತ್ತರವನ್ನು ಭಕ್ತರ ಮುಂದಿಡಲಿ. ದಯೆಯನ್ನು ವೇದಿಕೆಯಲ್ಲಿ ಸಾರುವ ನಾವು ಮೊದಲು ನಮ್ಮ ಮನೆಯ ಲೆಕ್ಕ ಒಪ್ಪಿಸೋಣ.